ಎರಡು ಬಿಯಾಂಕಿಗಳು: ಇಟಲಿಯ ಸೈಕಲ್, ಮೋಟಾರ್‌ಸೈಕಲ್ ಮತ್ತು ಮೌಂಟನ್ ಬೈಕ್ ಪರಂಪರೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಿಯಾಂಚಿ ಎನ್ನಬೇಕೋ, ಬಿಯಾಂಕಿ ಎನ್ನಬೇಕೋ?

ಬಿಯಾಂಕಿ ಎನ್ನಬೇಕು. ಇಂಗ್ಲಿಷ್ ಅಕ್ಷರಗಳನ್ನು ಓದಿ ರೂಢಿಯಾದ ನಮಗೆ ‘ಚಿ’ ಎನ್ನುವ ಉಚ್ಚಾರ ಸಹಜವಾಗಿ ನಾಲಿಗೆಗೆ ಬರುತ್ತದೆ. ಆದರೆ ಇಟಾಲಿಯನ್ ಭಾಷೆಯಲ್ಲಿ ch ಎಂಬ ಅಕ್ಷರಜೋಡಿಗೆ ‘ಕ’ಕಾರದ ಉಚ್ಚಾರ. ಈ ಪದಕ್ಕೆ ‘ಬಿಳಿಯವು’ ಅಥವಾ ‘ಬಿಳಿಯವರು’ ಎಂಬ ಅರ್ಥವಿದೆ. ಬಿಳಿ ಎಂಬ ಹೆಸರನ್ನು ಹೊತ್ತ ಕಂಪನಿ ಲೋಕಕ್ಕೆಲ್ಲ ಪರಿಚಿತವಾದದ್ದು ಮಾತ್ರ ನೀಲಿಯಿಂದ. ಆ ಸಂಗತಿ ಮುಂದೆ ಬರುತ್ತದೆ.

ಎರಡು ಬಿಯಾಂಕಿಗಳು ಎಂದರೆ ಯಾವುವು?

ಒಂದು, 1885ರಲ್ಲಿ ಮಿಲಾನ್ ನಗರದಲ್ಲಿ ಎಡೊವಾರ್ಡೊ ಬಿಯಾಂಕಿ ಆರಂಭಿಸಿದ ಸಂಸ್ಥೆ. ಇನ್ನೊಂದು, 1905ರಲ್ಲಿ ಫ್ಲಾರೆನ್ಸ್‌ನಲ್ಲಿ ಜ್ಯುಸೆಪ್ಪೆ ಬಿಯಾಂಕಿಯ ಹೆಸರಿನಲ್ಲಿ ಸೈಕಲ್ ತಯಾರಿಸಲು ತೊಡಗಿದ ಸಂಸ್ಥೆ. ಇಂದು ಅದನ್ನು ‘ಬೇಟಾ’ ಎಂಬ ಮೋಟಾರ್‌ಸೈಕಲ್ ಹೆಸರಿನಿಂದ ಜನ ಗುರುತಿಸುತ್ತಾರೆ. ಬಿಯಾಂಕಿ ಎನ್ನುವುದು ಇಟಲಿಯಲ್ಲಿ ಬಹಳ ಸಾಮಾನ್ಯವಾದ ಮನೆಹೆಸರು, ಆದ್ದರಿಂದ ಇವೆರಡನ್ನು ಒಂದೇ ಕಂಪನಿಯ ಎರಡು ಶಾಖೆಗಳೆಂದು ಭಾವಿಸಬಾರದು.

ಹೀಗಿದ್ದೂ ಈ ಪುಟದಲ್ಲಿ ಎರಡನ್ನೂ ಜೊತೆಗಿಟ್ಟು ನೋಡಲು ಕಾರಣವಿದೆ. ಎರಡೂ ಸೈಕಲ್ಲಿನಿಂದ ಹುಟ್ಟಿ ಮೋಟಾರ್‌ಸೈಕಲ್ಲಿಗೆ ಹೋದವು. ಮಿಲಾನಿನ ಬಿಯಾಂಕಿ ಕೊನೆಗೆ ಮೋಟಾರ್‌ಸೈಕಲ್ಲನ್ನು ಬಿಟ್ಟು ಸೈಕಲ್ಲನ್ನು ಉಳಿಸಿಕೊಂಡಿತು, ಆದರೆ ಸ್ಥಾಪಕರ ಮನೆತನವನ್ನು ಕಳೆದುಕೊಂಡಿತು. ಫ್ಲಾರೆನ್ಸಿನ ಬಿಯಾಂಕಿ ಸೈಕಲ್ಲನ್ನು ಬಿಟ್ಟು ಮೋಟಾರ್‌ಸೈಕಲ್ಲನ್ನು ಹಿಡಿಯಿತು, ಮನೆತನವನ್ನೂ ಉಳಿಸಿಕೊಂಡಿತು. ಸೈಕಲ್ಲೆಂಬ ಒಂದೇ ಬೇರಿನಿಂದ ಎದ್ದ ಎರಡು ಚಿಗುರುಗಳು ಇಷ್ಟು ವಿರುದ್ಧ ದಿಕ್ಕಿಗೆ ಬೆಳೆದದ್ದು ಇಟಲಿಯ ಉದ್ಯಮಚರಿತ್ರೆಯಲ್ಲಿ ನನಗೆ ಬಹಳ ಸೋಜಿಗದ ಸಂಗತಿಯಾಗಿ ಕಂಡಿದೆ.

ಎಡೊವಾರ್ಡೊ ಬಿಯಾಂಕಿ ಯಾರು? ಅವರ ಕೆಲಸ ಹೇಗೆ ಶುರುವಾಯಿತು?

1865ರಲ್ಲಿ ಮಿಲಾನಿನಲ್ಲಿ ಹುಟ್ಟಿದ ಎಡೊವಾರ್ಡೊ ಅನಾಥಾಲಯದಲ್ಲಿ ಬೆಳೆದವರು. ಆ ಊರಿನ ಅನಾಥಾಲಯಗಳಲ್ಲಿ ಹುಡುಗರಿಗೆ ಕಸುಬು ಕಲಿಸುವ ಪದ್ಧತಿಯಿತ್ತು, ಹಾಗಾಗಿ ಅರ, ಸುತ್ತಿಗೆ, ಲೇತುಗಳ ಪರಿಚಯ ಅವರಿಗೆ ಎಳವೆಯಲ್ಲೇ ಆಯಿತು. ಇಪ್ಪತ್ತರ ಹರೆಯದಲ್ಲಿ ನಿರೋನೆ ಬೀದಿಯ 7ನೇ ನಂಬರಿನ ಸಣ್ಣ ಮಳಿಗೆಯಲ್ಲಿ ಅವರು ಸ್ವಂತ ಕೆಲಸ ತೆರೆದಾಗ ಅಲ್ಲಿ ತಯಾರಾಗುತ್ತಿದ್ದದ್ದು ಸೈಕಲ್ ಒಂದೇ ಅಲ್ಲ. ಶಸ್ತ್ರಚಿಕಿತ್ಸೆಯ ಉಪಕರಣಗಳು, ವಿದ್ಯುತ್ತಿನ ಕರೆಗಂಟೆಗಳು ಹೀಗೆ ಲೋಹದಲ್ಲಿ ನಾಜೂಕಾಗಿ ಮಾಡಬಹುದಾದ ಹಲವು ವಸ್ತುಗಳು ಅಲ್ಲಿಂದ ಹೊರಬರುತ್ತಿದ್ದವು.

ಆ ಕಾಲದ ಸೈಕಲ್ಲೆಂದರೆ ಆಳೆತ್ತರದ ಮುಂದಿನ ಚಕ್ರ, ಅದರ ಮೇಲೆ ಸವಾರ, ಹಿಂದೊಂದು ಪುಟ್ಟ ಚಕ್ರ. ಬಿದ್ದರೆ ತಲೆಯೇ ಮೊದಲು ನೆಲಕ್ಕೆ. ಬಿಯಾಂಕಿ ಮುಂದಿನ ಚಕ್ರವನ್ನು ಚಿಕ್ಕದು ಮಾಡಿ, ಪೆಡಲನ್ನು ಕೆಳಕ್ಕಿಳಿಸಿ, ಚೈನಿನ ಮೂಲಕ ಹಿಂಚಕ್ರವನ್ನು ತಿರುಗಿಸುವ ಮಾದರಿಯನ್ನು ಇಟಲಿಯಲ್ಲಿ ತಯಾರಿಸಿದರು. ಈ ಮಾದರಿ ಅವರೊಬ್ಬರದೇ ಆವಿಷ್ಕಾರವಲ್ಲ, ಇಂಗ್ಲೆಂಡಿನಲ್ಲಿ ಅದೇ ವರ್ಷಗಳಲ್ಲಿ ಇಂಥ ‘ಸುರಕ್ಷಿತ ಸೈಕಲ್’ಗಳು ಬರುತ್ತಿದ್ದವು. 1888ರಲ್ಲಿ ಗಾಳಿ ತುಂಬಿದ ರಬ್ಬರ್ ಟೈರು ಬಂದಾಗ ಇಟಲಿಯಲ್ಲಿ ಅದನ್ನು ಸೈಕಲ್ಲಿಗೆ ಅಳವಡಿಸಿದ ಮೊದಲಿಗರಲ್ಲಿ ಬಿಯಾಂಕಿ ಕೂಡ ಒಬ್ಬರು.

1895ರಲ್ಲಿ ರಾಣಿ ಮಾರ್ಗೆರಿತಾ ಸೈಕಲ್ ಕಲಿಯಬೇಕೆಂದು ಬಯಸಿ ಮೊಂಜಾದ ಅರಮನೆಗೆ ಅವರನ್ನು ಕರೆಸಿಕೊಂಡರು. ಪಿಜ್ಜಾ ಒಂದಕ್ಕೆ ಹೆಸರು ಕೊಟ್ಟವರೆಂದು ಹೇಳುವ ರಾಣಿ ಇವರೇ. ಬಿಯಾಂಕಿ ಆಕೆಗೆಂದೇ ಹೆಂಗಸರ ಸೈಕಲ್ ಮಾಡಿಕೊಟ್ಟು, ಅರಮನೆಯ ಆವರಣದಲ್ಲಿ ಸವಾರಿ ಕಲಿಸಿದರು. ಅನಾಥಾಲಯದ ಹುಡುಗ ಅರಮನೆಯ ಸೈಕಲ್ ಮೇಷ್ಟರಾದರು. ರಾಜಮನೆತನದ ಲಾಂಛನವನ್ನು ಬಳಸುವ ಹಕ್ಕು ಅವರಿಗೆ ದೊರೆತದ್ದು ಆ ಬಳಿಕ. ಸೈಕಲ್ಲಿನ ಹ್ಯಾಂಡಲ್ ಕೆಳಗಿನ ಬಿಲ್ಲೆಯಲ್ಲಿರುವ ಹದ್ದಿನ ತಲೆಯ ಮೇಲೆ ಈಗಲೂ ಕಿರೀಟವಿದೆ.

ಬಿಯಾಂಕಿಯ ಆ ವಿಶಿಷ್ಟ ಬಣ್ಣ ಎಲ್ಲಿಂದ ಬಂತು?

ಇಟಾಲಿಯನ್ನರು ಅದನ್ನು ‘ಚೆಲೆಸ್ತೆ’ ಎನ್ನುತ್ತಾರೆ, ಎಂದರೆ ಆಕಾಶದ ಬಣ್ಣ. ಆದರೆ ನಮ್ಮ ‘ಆಕಾಶನೀಲಿ’ ಎಂಬ ಮಾತು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಇದರಲ್ಲಿ ಹಸಿರಿನ ಛಾಯೆ ಎದ್ದು ಕಾಣುತ್ತದೆ. ಹಳ್ಳಿಯ ಹಳೆಯ ಮನೆಗಳಲ್ಲಿ ಸುಣ್ಣಕ್ಕೆ ಒಂದಿಷ್ಟು ನೀಲಿ, ಒಂದಿಷ್ಟು ಹಸಿರು ಪುಡಿ ಕಲಸಿ ಬಳಿದ ಒಳಗೋಡೆಯನ್ನು ನೆನಪಿಸಿಕೊಂಡರೆ ಬಣ್ಣ ಹತ್ತಿರ ಹತ್ತಿರ ಕಣ್ಣಿಗೆ ಕಟ್ಟೀತು.

ಇದರ ಮೂಲದ ಬಗ್ಗೆ ಮೂರು ಕಥೆಗಳು ಚಲಾವಣೆಯಲ್ಲಿವೆ. ರಾಣಿ ಮಾರ್ಗೆರಿತಾಳ ಕಣ್ಣಿನ ಬಣ್ಣವೆನ್ನುವುದು ಒಂದು. ಮಿಲಾನಿನ ಬಾನಿನ ಬಣ್ಣವೆನ್ನುವುದು ಇನ್ನೊಂದು. ಸೇನೆಯಲ್ಲಿ ಮಿಕ್ಕಿದ ಬಣ್ಣಗಳನ್ನು ಒಟ್ಟಿಗೆ ಕಲಸಿದಾಗ ಸಿಕ್ಕದ್ದು ಎನ್ನುವುದು ಮೂರನೆಯದು. ಮೊದಲ ಕಥೆ ಜಾಹೀರಾತಿಗೆ ಚೆಂದ. ಕಾರ್ಖಾನೆಯ ಲೆಕ್ಕ ಬಲ್ಲವರಿಗೆ ಮೂರನೆಯದೇ ರುಚಿಸುತ್ತದೆ.

ಸೈಕಲ್ ಮಾಡುವವರು ಮೋಟಾರ್‌ಸೈಕಲ್ಲಿಗೆ ಏಕೆ ಕೈಹಾಕಿದರು?

ಆ ದಿನಗಳಲ್ಲಿ ಅದು ಹೊಸ ಉದ್ಯಮವೆಂದೇನೂ ಅನ್ನಿಸುತ್ತಿರಲಿಲ್ಲ. ಕೊಳವೆಗಳನ್ನು ಬೆಸೆದು ಫ್ರೇಮು ಮಾಡುವ ಕುಲುಮೆ, ಕಡ್ಡಿ ಕಟ್ಟಿ ಚಕ್ರ ನೇರ ಮಾಡುವ ಕೈ, ಚೈನು ಮತ್ತು ಬೇರಿಂಗುಗಳ ಅನುಭವ ಇವೆಲ್ಲ ಸೈಕಲ್ ಕಾರ್ಖಾನೆಯಲ್ಲಿ ಇದ್ದೇ ಇದ್ದವು. ಬೇಕಾಗಿದ್ದದ್ದು ಎಂಜಿನ್ ಮಾತ್ರ, ಅದನ್ನು ಫ್ರಾನ್ಸಿನಿಂದ ತರಿಸಬಹುದಿತ್ತು. ಬಿಯಾಂಕಿ 1897ರಷ್ಟು ಹಿಂದೆಯೇ ಎಂಜಿನ್ ಕೂರಿಸಿದ ವಾಹನದ ಪ್ರಯೋಗ ಮಾಡಿದರು. 1905ರಲ್ಲಿ ಕಂಪನಿಯ ಹೆಸರಿಗೆ ಮೋಟಾರು ವಾಹನಗಳೂ ಸೇರಿಕೊಂಡವು. 1914ರ ಹೊತ್ತಿಗೆ ವರ್ಷವೊಂದಕ್ಕೆ ಸುಮಾರು 45,000 ಸೈಕಲ್, 1,500 ಮೋಟಾರ್‌ಸೈಕಲ್ ಮತ್ತು 1,000 ಕಾರು ತಯಾರಾಗುತ್ತಿದ್ದವೆಂದು ಲೆಕ್ಕ ಸಿಗುತ್ತದೆ. ಈ ಅಂಕಿಗಳನ್ನು ಕೊಂಚ ನಿಂತು ನೋಡಬೇಕು: ಕಾರು ಮಾಡುವ ಕಂಪನಿಯೆಂಬ ಹೆಮ್ಮೆಯೇನೋ ಇತ್ತು, ಆದರೆ ಒಂದು ಕಾರಿಗೆ ನಲವತ್ತೈದು ಸೈಕಲ್ಲು ಕಾರ್ಖಾನೆಯ ಬಾಗಿಲು ದಾಟುತ್ತಿದ್ದವು.

ಬಿಯಾಂಕಿ ಮೋಟಾರ್‌ಸೈಕಲ್ಲುಗಳ ಹೆಸರು ಬಂದಾಗಲೆಲ್ಲ ನುವೊಲಾರಿಯ ಮಾತು ಏಕೆ ಬರುತ್ತದೆ?

ತಾತ್ಸಿಯೊ ನುವೊಲಾರಿಯನ್ನು ಕಾರ್ ರೇಸಿನ ದಂತಕಥೆಯಾಗಿ ಬಹುಪಾಲು ಜನ ಬಲ್ಲರು. ಆದರೆ ಆತ ಮೊದಲು ಹೆಸರು ಗಳಿಸಿದ್ದು ಎರಡು ಚಕ್ರದ ಮೇಲೆ. 1920ರ ದಶಕದ ನಡುವಿನಲ್ಲಿ ಬಿಯಾಂಕಿ 350 ಸಿಸಿಯ, ಎರಡು ಓವರ್‌ಹೆಡ್ ಕ್ಯಾಮ್‌ಶಾಫ್ಟುಗಳಿರುವ (ಎಂಜಿನ್ನಿನ ಕವಾಟಗಳನ್ನು ತೆರೆದು ಮುಚ್ಚುವ ದಂಡಗಳು) ರೇಸ್ ಮೋಟಾರ್‌ಸೈಕಲ್ಲೊಂದನ್ನು ರೂಪಿಸಿತು. ಎಂಜಿನಿಯರ್ ಮಾರಿಯೊ ಬಾಲ್ದಿಯ ಕೈಯಿಂದ ಬಂದ ಈ ಯಂತ್ರಕ್ಕೆ ‘ಫ್ರೆಚ್ಚಾ ಚೆಲೆಸ್ತೆ’, ಎಂದರೆ ನೀಲಿ ಬಾಣ, ಎಂಬ ಹೆಸರು ಅಂಟಿಕೊಂಡಿತು.

1925ರ ಸೆಪ್ಟೆಂಬರಿನಲ್ಲಿ ನುವೊಲಾರಿ ಮೊಂಜಾದಲ್ಲಿ ಆಲ್ಫಾ ರೋಮಿಯೊ ಕಾರೊಂದನ್ನು ಪರೀಕ್ಷಿಸುತ್ತಿದ್ದಾಗ ಗೇರ್‌ಬಾಕ್ಸ್ ಬಿಗಿದುಕೊಂಡು ಕಾರು ದಾರಿ ತಪ್ಪಿತು; ಬೆನ್ನಿಗೆ ಆಳವಾದ ಗಾಯಗಳಾದವು. ತಿಂಗಳುಗಟ್ಟಲೆ ಮಲಗಬೇಕೆಂದು ವೈದ್ಯರು ಹೇಳಿದರು. ಆರು ದಿನಗಳ ನಂತರ ಅದೇ ಮೊಂಜಾದಲ್ಲಿ ಮೋಟಾರ್‌ಸೈಕಲ್ಲುಗಳ ನೇಷನ್ಸ್ ಗ್ರ್ಯಾಂಡ್ ಪ್ರೀ ಇತ್ತು. ನುವೊಲಾರಿ ವೈದ್ಯರಿಗೆ ವಿಚಿತ್ರವಾದ ಬೇಡಿಕೆಯಿಟ್ಟರು: ನೆಟ್ಟಗೆ ನಿಲ್ಲಲು ಆಗದಿದ್ದರೂ ಅಡ್ಡಿಯಿಲ್ಲ, ಹ್ಯಾಂಡಲ್ ಮೇಲೆ ಬಾಗಿದ ಭಂಗಿಯಲ್ಲಿ ಮೈಗೆ ಬ್ಯಾಂಡೇಜು ಬಿಗಿಯಬೇಕು. ಹಾಗೆಯೇ ಬಿಗಿದರು. ಮೆಕ್ಯಾನಿಕ್ಕುಗಳು ಆತನನ್ನು ಎತ್ತಿ ತಂದು ಮೋಟಾರ್‌ಸೈಕಲ್ಲಿನ ಮೇಲೆ ಕೂರಿಸಿದರು, ಮುಗಿದ ಮೇಲೆ ಮತ್ತೆ ಅವರೇ ಎತ್ತಿ ಇಳಿಸಬೇಕಾಯಿತು. ಈ ಎರಡರ ನಡುವೆ ನುವೊಲಾರಿ 350 ಸಿಸಿ ವಿಭಾಗವನ್ನು ಗೆದ್ದಿದ್ದರು. ಆ ವರ್ಷದ ಯುರೋಪಿಯನ್ ಚಾಂಪಿಯನ್ ಪಟ್ಟವೂ ಅದರೊಂದಿಗೆ ಬಂತು.

1928ರವರೆಗೆ ಸತತ ನಾಲ್ಕು ಬಾರಿ ಅದೇ ವಿಭಾಗ ಅವರಿಗೂ ಬಿಯಾಂಕಿಗೂ ಒಲಿಯಿತು. ಸಾಹಸದ ಕಥೆಯಲ್ಲಿ ಯಂತ್ರದ ಗುಣ ಮರೆತುಹೋಗುವುದುಂಟು, ಆದ್ದರಿಂದ ಹೇಳಬೇಕು: ಬ್ಯಾಂಡೇಜಿನಲ್ಲಿ ಬಿಗಿದ ಸವಾರ ಮೈಯನ್ನು ಆಚೀಚೆ ವಾಲಿಸಿ ತಿರುವು ತೆಗೆದುಕೊಳ್ಳಲಾರ. ಅಂಥವನನ್ನು ಹೊತ್ತು ರೇಸ್ ಗೆಲ್ಲಬೇಕಾದರೆ ಫ್ರೇಮು ಎಷ್ಟು ಸ್ಥಿರವಾಗಿದ್ದಿರಬೇಕು, ಎಂಜಿನ್ ಎಷ್ಟು ನಂಬಿಗಸ್ತನಾಗಿದ್ದಿರಬೇಕು!

ಮೊದಲ ಮಹಾಯುದ್ಧದ ಮಡಚುವ ಸೈಕಲ್ಲೇ ಮೌಂಟನ್ ಬೈಕಿನ ಪೂರ್ವಜ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಇಟಲಿಯ ಸೇನೆಯಲ್ಲಿ ಬೆರ್ಸಾಲಿಯೇರಿ ಎಂಬ, ಟೋಪಿಗೆ ಹಕ್ಕಿಯ ಗರಿ ಸಿಕ್ಕಿಸಿಕೊಳ್ಳುವ, ಓಡುತ್ತಲೇ ಸಾಗುವ ಪದಾತಿದಳವಿದೆ. ಅವರಿಗಾಗಿ ಬಿಯಾಂಕಿ ಸೈಕಲ್ಲೊಂದನ್ನು ತಯಾರಿಸಿಕೊಟ್ಟಿತು. ಫ್ರೇಮಿನ ನಡುವೆ ಕೀಲಿತ್ತು. ರಸ್ತೆ ಮುಗಿದಲ್ಲಿ ಸೈಕಲ್ಲನ್ನು ಮಡಚಿ, ಪಟ್ಟಿ ಹಾಕಿ ಬೆನ್ನಿಗೇರಿಸಿಕೊಂಡು ಗುಡ್ಡ ಹತ್ತಬಹುದಿತ್ತು. ಪಂಕ್ಚರಿನ ಗೊಡವೆ ಬೇಡವೆಂದು ಗಾಳಿಯಿಲ್ಲದ ಗಟ್ಟಿ ರಬ್ಬರ್ ಟೈರು ಹಾಕಿದ್ದರು. ಆ ಟೈರಿನ ಕುಲುಕಾಟ ತಡೆಯಲು ಹಿಂದೆ ಮುಂದೆ ಸ್ಪ್ರಿಂಗುಗಳಿದ್ದವು. ಕೋವಿಯನ್ನು ಸೈಕಲ್ಲಿಗೇ ಕಟ್ಟಿಕೊಳ್ಳಲು ಅನುಕೂಲವಿತ್ತು.

ಎರಡೂ ಚಕ್ರಕ್ಕೆ ಸಸ್ಪೆನ್ಷನ್, ರಸ್ತೆಯಿಲ್ಲದ ಕಡೆ ಸಾಗುವ ಉದ್ದೇಶ ಇವೆರಡನ್ನು ನೋಡಿದರೆ ಮೌಂಟನ್ ಬೈಕಿನ ಲಕ್ಷಣವೇ. ಆದರೆ ಇಂದಿನ ಮೌಂಟನ್ ಬೈಕ್ ಹುಟ್ಟಿದ್ದು 1970ರ ದಶಕದ ಕ್ಯಾಲಿಫೋರ್ನಿಯಾದಲ್ಲಿ, ದಪ್ಪ ಟೈರಿನ ಹಳೆಯ ಅಮೆರಿಕನ್ ಸೈಕಲ್ಲುಗಳನ್ನು ಗುಡ್ಡದ ಮೇಲಿಂದ ಇಳಿಸುತ್ತಿದ್ದ ಹುಡುಗರ ಕೈಯಲ್ಲಿ. ಅವರಿಗೆ ಬೆರ್ಸಾಲಿಯೇರಿಗಳ ಸೈಕಲ್ಲು ಮಾದರಿಯಾಗಿರಲಿಲ್ಲ. ಅದನ್ನು ದೂರದ ದೊಡ್ಡಪ್ಪ ಎನ್ನಬಹುದು, ತಾತ ಎಂದರೆ ಹೆಚ್ಚಾಯಿತು.

ಕೊಪ್ಪಿಗೂ ಬಿಯಾಂಕಿಗೂ ಏನು ನಂಟು?

ಎರಡನೇ ಮಹಾಯುದ್ಧದ ನಂತರ ಫಾಸ್ಟೊ ಕೊಪ್ಪಿ ಬಿಯಾಂಕಿ ತಂಡದ ಸವಾರರಾದರು. 1949ರಲ್ಲಿ, ಮತ್ತೆ 1952ರಲ್ಲಿ, ಒಂದೇ ವರ್ಷದೊಳಗೆ ಇಟಲಿಯ ಜಿರೊ ಮತ್ತು ಟೂರ್ ಡಿ ಫ್ರಾನ್ಸ್ ಎಂಬ ದೊಡ್ಡ ಸೈಕಲ್ ರೇಸುಗಳೆರಡನ್ನೂ ಗೆದ್ದರು. 1949ರ ಜಿರೊದಲ್ಲಿ ಕೂನಿಯೊದಿಂದ ಪಿನೆರೋಲೊಗೆ ಹೋಗುವ ಆಲ್ಪ್ಸ್ ಘಟ್ಟದಲ್ಲಿ ಕೊಪ್ಪಿ 192 ಕಿಲೋಮೀಟರು ಒಬ್ಬರೇ ಮುಂದೆ ಸಾಗಿದರು. ಒಬ್ಬನೇ ಮುಂದಿದ್ದಾನೆ, ಅವನ ಅಂಗಿ ಬಿಳಿ ಮತ್ತು ಚೆಲೆಸ್ತೆ ಎಂದು ಅಂದು ರೇಡಿಯೊ ವರದಿಗಾರ ಹೇಳಿದ ಮಾತು ಇಟಲಿಯಲ್ಲಿ ಗಾದೆಯಂತಾಗಿದೆ. ಕೋಮೊ ಸರೋವರದ ಮೇಲಿನ ಗಿಸಾಲ್ಲೊ ಬೆಟ್ಟದ ಪುಟ್ಟ ಚರ್ಚಿನಲ್ಲಿ, ನಮ್ಮಲ್ಲಿ ಹರಕೆ ತೀರಿಸಿದ ವಸ್ತುಗಳನ್ನು ದೇವಸ್ಥಾನದಲ್ಲಿ ಒಪ್ಪಿಸುವಂತೆ, ಚಾಂಪಿಯನ್ನರ ಸೈಕಲ್ಲುಗಳನ್ನು ಗೋಡೆಗೆ ತೂಗುಹಾಕಿದ್ದಾರೆ. ಕೊಪ್ಪಿಯ ಸೈಕಲ್ಲೂ ಅಲ್ಲಿದೆ.

ಮೋಟಾರ್‌ಸೈಕಲ್ ತಯಾರಿಕೆ ಏಕೆ ನಿಂತಿತು?

1946ರಲ್ಲಿ ಎಡೊವಾರ್ಡೊ ತೀರಿಕೊಂಡರು. ಬಾಂಬ್ ದಾಳಿಯಲ್ಲಿ ನಲುಗಿದ್ದ ಕಾರ್ಖಾನೆ ಮಗ ಜ್ಯುಸೆಪ್ಪೆಯ (ಫ್ಲಾರೆನ್ಸಿನ ಜ್ಯುಸೆಪ್ಪೆ ಬೇರೆ) ಪಾಲಿಗೆ ಬಂತು. ಯುದ್ಧ ಮುಗಿದ ಇಟಲಿಗೆ ಬೇಕಾಗಿದ್ದದ್ದು ಅಗ್ಗದ ವಾಹನ. ಅದಕ್ಕೆ ತಕ್ಕಂತೆ ಬಿಯಾಂಕಿ ಪುಟ್ಟ ಎಂಜಿನ್ನಿನ ‘ಅಕ್ವಿಲೊತ್ತೊ’, ಎಂದರೆ ಹದ್ದಿನ ಮರಿ, ಮಾರಿತು; ಮುಂದೆ 175 ಸಿಸಿಯ ‘ತೊನಾಲೆ’ ಬಂತು. ಹತ್ತು ವರ್ಷ ಚೆನ್ನಾಗಿಯೇ ನಡೆಯಿತು.

ಆಮೇಲೆ ಫಿಯೆಟ್ ಕಂಪನಿ 1955ರಲ್ಲಿ 600, 1957ರಲ್ಲಿ 500 ಎಂಬ ಸಣ್ಣ ಕಾರುಗಳನ್ನು ತಂದಿತು. ಹೆಂಡತಿ ಮಕ್ಕಳನ್ನು ಮೋಟಾರ್‌ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ಸಂಸಾರಸ್ಥ ಕಂತಿನ ಮೇಲೆ ಕಾರು ಕೊಂಡ. ನೋವಿನ ಸಂಗತಿಯೆಂದರೆ ಈ ಬದಲಾವಣೆಯಲ್ಲಿ ಬಿಯಾಂಕಿಯ ಕೈವಾಡವೂ ಇತ್ತು: 1955ರಲ್ಲಿ ಫಿಯೆಟ್ ಮತ್ತು ಪಿರೆಲ್ಲಿ ಕಂಪನಿಗಳ ಜೊತೆ ಸೇರಿ ಅದು ‘ಆಟೊಬಿಯಾಂಕಿ’ ಎಂಬ ಕಾರು ಸಂಸ್ಥೆಯನ್ನು ಹುಟ್ಟುಹಾಕಿತ್ತು, ಆ ಸಂಸ್ಥೆಯ ಮೊದಲ ಕಾರು ‘ಬಿಯಾಂಕೀನಾ’ ಫಿಯೆಟ್ 500ರ ಯಂತ್ರಭಾಗಗಳ ಮೇಲೆಯೇ ನಿಂತಿತ್ತು. ಕಾಲಕ್ರಮದಲ್ಲಿ ಆಟೊಬಿಯಾಂಕಿ ಪೂರ್ತಿಯಾಗಿ ಫಿಯೆಟ್ ಪಾಲಾಯಿತು.

ಸಂತೆ ಚದುರುತ್ತಿದ್ದರೂ ರೇಸ್ ವಿಭಾಗದ ಉತ್ಸಾಹ ಕುಗ್ಗಿರಲಿಲ್ಲ. ಲೀನೊ ತೊಂತಿ ಎಂಬ ವಿನ್ಯಾಸಕ ಎರಡು ಸಿಲಿಂಡರಿನ ರೇಸ್ ಯಂತ್ರಗಳನ್ನು ಮಾಡಿದರು. 1964ರಲ್ಲಿ ರೇಮೊ ವೆಂತೂರಿ ಅವುಗಳಲ್ಲೊಂದರ ಮೇಲೆ ಇಟಲಿಯ 500 ಸಿಸಿ ಚಾಂಪಿಯನ್ ಆದರು. ಆದರೆ ಪ್ರಶಸ್ತಿಯಿಂದ ಸಾಲ ತೀರುವುದಿಲ್ಲ. 1960ರ ದಶಕ ಮುಗಿಯುವ ಮುನ್ನವೇ ಬಿಯಾಂಕಿ ಮೋಟಾರ್‌ಸೈಕಲ್ ಎಂಬುದು ಇಲ್ಲವಾಗಿತ್ತು. ತೊಂತಿ ಮುಂದೆ ಮೊಟೊ ಗುಜ್ಜಿ ಕಂಪನಿ ಸೇರಿ ಇನ್ನೂ ದೊಡ್ಡ ಹೆಸರು ಮಾಡಿದರು.

ಈಗ ಬಿಯಾಂಕಿಯ ಒಡೆಯರು ಯಾರು?

ಸ್ಥಾಪಕರ ಮನೆತನವಲ್ಲ. 1960ರ ದಶಕದಲ್ಲಿ ಸೈಕಲ್ ವಿಭಾಗ ಬೇರೆಯವರ ಕೈಸೇರಿತು. 1980ರಲ್ಲಿ ಪಿಯಾಜಿಯೊ ಕೊಂಡುಕೊಂಡಿತು. ಬಜಾಜ್ ಒಂದು ಕಾಲದಲ್ಲಿ ಪರವಾನಗಿ ಪಡೆದು ನಮ್ಮ ದೇಶದಲ್ಲಿ ತಯಾರಿಸಿದ ವೆಸ್ಪಾ ಸ್ಕೂಟರಿನ ಮೂಲ ಕಂಪನಿಯೇ ಈ ಪಿಯಾಜಿಯೊ. 1997ರಿಂದ ಬಿಯಾಂಕಿ ಸ್ವೀಡನ್ನಿನ ಸಾಲ್ವಟೊರೆ ಗ್ರಿಮಾಲ್ದಿ ಅವರ ಉದ್ಯಮಸಮೂಹದಲ್ಲಿದೆ. ದಕ್ಷಿಣ ಇಟಲಿಯ ತಾರಾಂತೊದಲ್ಲಿ ಹುಟ್ಟಿದ ಗ್ರಿಮಾಲ್ದಿ, ಕೆಲಸ ಅರಸಿ ಹೊರಟ ತಂದೆಯ ಹಿಂದೆ ಬಾಲ್ಯದಲ್ಲೇ ಸ್ವೀಡನ್ನಿಗೆ ಹೋದವರು. ಕಾರ್ಖಾನೆ ಬೆರ್ಗಾಮೊ ಪ್ರಾಂತ್ಯದ ತ್ರೆವೀಲ್ಯೊ ಊರಿನಲ್ಲಿದೆ.

ಮೌಂಟನ್ ಬೈಕಿನಲ್ಲಿ ಬಿಯಾಂಕಿಯ ಸಾಧನೆ ಏನು?

ಇಟಲಿಗೆ ಮೌಂಟನ್ ಬೈಕ್ ತಂದ ಕೀರ್ತಿ ಬಿಯಾಂಕಿಯದಲ್ಲ. 1985ರಲ್ಲಿ ಚಿನೆಲ್ಲಿ ಕಂಪನಿ ‘ರಾಂಪಿಕೀನೊ’ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಮರದ ಕಾಂಡವನ್ನು ಏರುವ ಪುಟ್ಟ ಹಕ್ಕಿಯೊಂದರ ಹೆಸರದು. ಎಷ್ಟು ಜನಪ್ರಿಯವಾಯಿತೆಂದರೆ ಬಹಳ ಕಾಲ ಇಟಾಲಿಯನ್ನರು ಯಾವ ಕಂಪನಿಯ ಮೌಂಟನ್ ಬೈಕನ್ನೂ ರಾಂಪಿಕೀನೊ ಎಂದೇ ಕರೆದರು, ನಾವು ವನಸ್ಪತಿಯನ್ನೆಲ್ಲ ಡಾಲ್ಡಾ ಎಂದಂತೆ. 1996ರಲ್ಲಿ ಮೌಂಟನ್ ಬೈಕ್ ಒಲಿಂಪಿಕ್ಸ್ ಪ್ರವೇಶಿಸಿದಾಗ ಮಹಿಳೆಯರ ಚಿನ್ನ ಗೆದ್ದ ಪಾವೊಲಾ ಪೆತ್ಸೊ ಇಟಲಿಯವರೇ. ಏರಿದ್ದ ಸೈಕಲ್ಲು ಮಾತ್ರ ಅಮೆರಿಕದ್ದು.

ಬಿಯಾಂಕಿಗೆ ತನ್ನ ಸರದಿ ಬಂದದ್ದು 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ. ಅಲ್ಲಿ ಪುರುಷರ ಚಿನ್ನ ಗೆದ್ದ ಫ್ರಾನ್ಸಿನ ಜೂಲಿಯೆನ್ ಅಬ್ಸಲೊನ್ ಆಗ ಬಿಯಾಂಕಿ ತಂಡದ ಸವಾರರಾಗಿದ್ದರು. ಅದೇ ವರ್ಷ ವಿಶ್ವ ಚಾಂಪಿಯನ್ ಕೂಡ ಆದರು. ರಸ್ತೆ ಸೈಕ್ಲಿಂಗಿನಲ್ಲಿ 1973ರ ವಿಶ್ವ ಚಾಂಪಿಯನ್ ಆಗಿದ್ದ ಫೆಲಿಚೆ ಜಿಮೊಂದಿ ನಿವೃತ್ತಿಯ ನಂತರ ಬಿಯಾಂಕಿಯ ಮೌಂಟನ್ ಬೈಕ್ ತಂಡಕ್ಕೆ ಹಿರಿಯರಾಗಿ ನಿಂತದ್ದು, ಈ ಕಂಪನಿ ತನ್ನ ಹಳೆಯ ಸವಾರರನ್ನು ಹೇಗೆ ಉಳಿಸಿಕೊಂಡಿತು ಎನ್ನುವುದಕ್ಕೆ ನಿದರ್ಶನ.

ಫ್ಲಾರೆನ್ಸಿನ ಬಿಯಾಂಕಿ ‘ಬೇಟಾ’ ಆದದ್ದು ಹೇಗೆ?

ಸುಮಾರು ನಾಲ್ಕು ದಶಕ ಆ ಸಂಸ್ಥೆ ಸೈಕಲ್ ಮಾಡಿಕೊಂಡೇ ಇತ್ತು. 1948ರಲ್ಲಿ ಸೈಕಲ್ಲಿನ ಫ್ರೇಮಿಗೆ ಪುಟ್ಟ ಎಂಜಿನ್ ಕೂರಿಸಿ ಮಾರತೊಡಗಿತು. ಎಂಜೊ ಬಿಯಾಂಕಿ ಮತ್ತು ಅರೀಗೊ ತೋಸಿ ಇಬ್ಬರ ಮನೆಹೆಸರು ಮತ್ತು ಹೆಸರುಗಳ ಮೊದಲಕ್ಷರಗಳನ್ನು (B, E, T, A) ಜೋಡಿಸಿ ‘ಬೇಟಾ’ ಎಂಬ ಹೆಸರಾಯಿತು. ಗ್ರೀಕ್ ಅಕ್ಷರದೊಂದಿಗೆ ಅದು ಹೊಂದಿಕೊಂಡದ್ದು ಕಾಕತಾಳೀಯ ಲಾಭ. ಇಂದು ಕಾರ್ಖಾನೆ ಫ್ಲಾರೆನ್ಸಿನಿಂದ ತುಸು ದೂರ, ಆರ್ನೊ ನದಿಯ ದಂಡೆಯ ರಿನ್ಯಾನೊ ಎಂಬ ಊರಿನಲ್ಲಿದೆ, ಚುಕ್ಕಾಣಿ ಲಾಪೊ ಬಿಯಾಂಕಿಯವರ ಕೈಯಲ್ಲಿದೆ.

ಟ್ರಯಲ್ ಎಂದರೇನು? ಬೇಟಾ ಅದರಲ್ಲೇ ಏಕೆ ಮೇಲೆ ಬಂತು?

ಟ್ರಯಲ್ ವೇಗದ ಸ್ಪರ್ಧೆಯಲ್ಲ. ಬಂಡೆ, ತೊರೆ, ಕಡಿದಾದ ಮಣ್ಣಿನ ದಿಬ್ಬಗಳ ನಡುವೆ ದಾರಿ ಗುರುತಿಸಿರುತ್ತಾರೆ; ಸವಾರ ಕಾಲು ನೆಲಕ್ಕೆ ತಾಗಿಸದೆ ಅದನ್ನು ದಾಟಬೇಕು. ಒಮ್ಮೆ ಕಾಲೂರಿದರೆ ಒಂದು ತಪ್ಪಂಕ, ದಾಟಲಾಗದೆ ಸೋತರೆ ಐದು. ಕಡಿಮೆ ಅಂಕದವನೇ ವಿಜಯಿ. ಇದಕ್ಕೆ ಬಳಸುವ ಮೋಟಾರ್‌ಸೈಕಲ್ಲಿಗೆ ಸೀಟೆಂಬುದು ಹೆಸರಿಗೂ ಇರುವುದಿಲ್ಲ, ಏಕೆಂದರೆ ಸವಾರ ಕೂರುವುದೇ ಇಲ್ಲ. ಬಂಡೆಯ ಬುಡದಲ್ಲಿ ನಿಂತಲ್ಲೇ ತೂಗುತ್ತಾನೆ, ಒಂದು ಬೆರಳು ಕ್ಲಚ್ಚಿನ ಮೇಲೆ, ಒಂದು ಬ್ರೇಕಿನ ಮೇಲೆ. ಮಂಡಿ ಮಡಚಿ ಸಸ್ಪೆನ್ಷನ್ನನ್ನು ಕೆಳಕ್ಕೊತ್ತಿ, ಅದು ಪುಟಿದೇಳುವ ಕ್ಷಣಕ್ಕೆ ಸರಿಯಾಗಿ ಕ್ಲಚ್ಚು ಬಿಡುತ್ತಾನೆ. ಮುಂದಿನ ಚಕ್ರ ಬಂಡೆಯ ನೆತ್ತಿ ಮುಟ್ಟುತ್ತದೆ, ಹಿಂದಿನದು ಗೋಡೆ ಹತ್ತಿದ ಬೆಕ್ಕಿನಂತೆ ಹಿಂಬಾಲಿಸುತ್ತದೆ.

ಬೇಟಾಕ್ಕೆ ಈ ಕ್ರೀಡೆಯ ಶಿಖರವನ್ನು ತೋರಿಸಿದವರು ಸ್ಪೇನಿನ ಜೋರ್ಡಿ ತಾರೆಸ್. ಅವರು ಮೊದಲು ಪಳಗಿದ್ದು ಸೈಕಲ್ ಟ್ರಯಲ್ಲಿನಲ್ಲಿ. ನಿಂತಲ್ಲೇ ಚಕ್ರ ಕುಪ್ಪಳಿಸಿ ದಿಕ್ಕು ಬದಲಿಸುವಂಥ ಸೈಕಲ್ಲಿನ ವಿದ್ಯೆಯನ್ನು ಅವರು ಮೋಟಾರ್‌ಸೈಕಲ್ಲಿಗೆ ತಂದಾಗ ಹಳಬರ ಶೈಲಿಯೇ ಹಿಂದೆ ಬಿತ್ತು. 1987, 1989, 1990 ಮತ್ತು 1991ರಲ್ಲಿ ಬೇಟಾ ಮೇಲೆ ವಿಶ್ವ ಚಾಂಪಿಯನ್ ಆದರು. ಸೈಕಲ್ಲನ್ನು ಕೈಬಿಟ್ಟ ಮನೆಗೆ ಸೈಕಲ್ಲೇ ಹೀಗೆ ಇನ್ನೊಂದು ಬಾಗಿಲಿನಿಂದ ಬಂದು ನೆರವಾಯಿತು. 1997ರಿಂದ 1999ರವರೆಗೆ ಬ್ರಿಟನ್ನಿನ ಡಗಿ ಲ್ಯಾಂಪ್‌ಕಿನ್ ಅದೇ ಪಟ್ಟವನ್ನು ಬೇಟಾಕ್ಕೆ ಮತ್ತೆ ಮೂರು ಬಾರಿ ತಂದುಕೊಟ್ಟರು.

ಎಂಡ್ಯೂರೊದಲ್ಲಿ?

ಎಂಡ್ಯೂರೊ ಎಂದರೆ ಕಾಡು, ಗುಡ್ಡಗಳ ಕಚ್ಚಾ ದಾರಿಯಲ್ಲಿ ಬಹಳ ಹೊತ್ತು ನಡೆಯುವ ಮೋಟಾರ್‌ಸೈಕಲ್ ಸ್ಪರ್ಧೆ. ಅದಕ್ಕೆ ಮೊದಲು ಆಸ್ಟ್ರಿಯಾದ ಕೆಟಿಎಂ ಎಂಜಿನ್ನುಗಳನ್ನು ತರಿಸಿ ಬಳಸುತ್ತಿದ್ದ ಬೇಟಾ, 2010ರಿಂದ ಸ್ವಂತ ಎಂಜಿನ್ನಿಗೆ ಬದಲಾಯಿತು. ಸ್ಟೀವ್ ಹಾಲ್ಕಂಬ್ ಮತ್ತು ಬ್ರ್ಯಾಡ್ ಫ್ರೀಮನ್ ಇಬ್ಬರೇ 2017ರಿಂದ 2021ರವರೆಗಿನ ಎಂಡ್ಯೂರೊ ಒಟ್ಟಾರೆ ವಿಶ್ವ ಪಟ್ಟಗಳನ್ನು ತಮ್ಮೊಳಗೆ ಹಂಚಿಕೊಂಡರು, ಎಲ್ಲವೂ ಬೇಟಾ ಮೇಲೆ. ದೊಡ್ಡ ದೊಡ್ಡ ಕಂಪನಿಗಳ ನಡುವೆ ಒಂದು ಮನೆತನದ ಕಾರ್ಖಾನೆಗೆ ಇದು ಸಣ್ಣ ಮಾತಲ್ಲ.

ಹಳೆಯ ಬಿಯಾಂಕಿ ಸೈಕಲ್ಲೊಂದು ಕೈಗೆ ಸಿಕ್ಕಿದೆ. ಹೊಸದಾಗಿ ಚೆಲೆಸ್ತೆ ಬಣ್ಣ ಹೊಡೆಸಬಹುದೇ?

ತುಕ್ಕು ಫ್ರೇಮನ್ನು ತಿನ್ನುತ್ತಿಲ್ಲವಾದರೆ ಹೊಡೆಸದಿರುವುದೇ ಮೇಲು. ಚೆಲೆಸ್ತೆ ಎಂಬ ಹೆಸರು ಒಂದೇ ಆದರೂ ಬಣ್ಣ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಒಂದು ದಶಕದಲ್ಲಿ ನೀಲಿಯ ಕಡೆಗೆ, ಇನ್ನೊಂದರಲ್ಲಿ ಹಸಿರಿನ ಕಡೆಗೆ ವಾಲುತ್ತ ಬಂದಿದೆ. ಈಗಿನ ಡಬ್ಬಿಯ ಬಣ್ಣವನ್ನು ಹಳೆಯ ಫ್ರೇಮಿಗೆ ಬಳಿದರೆ ಬಲ್ಲವರ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ಬಳಿಸಲೇಬೇಕೆಂದಿದ್ದರೆ ಸೀಟಿನ ಕೊಳವೆಯನ್ನು ಮೊದಲು ಹೊರಗೆಳೆದು, ಅದನ್ನು ಬಿಗಿಯುವ ಪಟ್ಟಿಯ ಅಡಿಯಲ್ಲಿ ಫ್ರೇಮಿನ ಬಣ್ಣ ಹೇಗಿದೆಯೆಂದು ನೋಡಿ. ಬಿಸಿಲು ತಾಗದ ಆ ಬೆರಳಗಲದ ಜಾಗದಲ್ಲಿ ಮೂಲ ಬಣ್ಣ ಉಳಿದಿರುತ್ತದೆ. ಪೇಂಟರಿಗೆ ಅದನ್ನೇ ತೋರಿಸಿ ಹೊಂದಿಸಲು ಹೇಳಿ.